ಮುಹೂರ್ತಕ್ಕೆ ತಂದ ಕಾರು

ಆ ಹೊಸ ಕಾರು ಬಿಳಿಯದೋ ಬೂದು ಬಣ್ಣದ್ದೋ, ನನ್ನ ನೆನಪನ್ನು ನಾನೇ ನಂಬಲಾರೆ. ಅರಸೀಕೆರೆಯ ನಮ್ಮ ಪಕ್ಕದ ಮನೆಯ ಯಜಮಾನರು ತಮ್ಮ ಹಳೆಯ ಕಾರನ್ನು ಬೇಲೂರು, ಹಳೇಬೀಡಿಗೆ ಬಾಡಿಗೆಗೆ ಓಡಿಸುತ್ತಿದ್ದರು. ಯಾರು ತಡಮಾಡಿದರೂ, "ಅದ್ಕೇನೈತೆ ಬಿಡಿ" ಎನ್ನುವರು.

ಅವರು ಹೊಸ ಕಾರು ಕೊಳ್ಳಲು ಹೋದಾಗ, ಷೋರೂಮಿನಲ್ಲಿ ಕೆಲಸಕ್ಕಿದ್ದ ನನ್ನ ಅಣ್ಣ, "ಮುಹೂರ್ತ ಯಾಕೆ ತಪ್ಪಿಸ್ತೀರಿ? ಗಾಡಿ ತಗೊಂಡೋಗಿ, ಲೋನು ಆಮೇಲೆ ಬತ್ತದೆ" ಎಂದ. ಅವರು ಹಳೆಯ ಕಾರನ್ನು ಷೋರೂಮಿಗೇ ಬದಲಿಗೆ ಕೊಟ್ಟು, ಹೊಸದಕ್ಕೆ ಮಾಲೇಕಲ್ಲಿನ ದೇವಸ್ಥಾನದಲ್ಲಿ ಪೂಜೆ ಮಾಡಿಸಿದರು.

ಲೋನು ಮಂಜೂರಾಗಲಿಲ್ಲ. ಕಾರು ವಾಪಸು ತರಲು ಷೋರೂಮಿನವರು ಅಣ್ಣನನ್ನೇ ಕಳಿಸಿದರು. ಹಳೆಯದು ಆಗಲೇ ಮಾರಿಹೋಗಿತ್ತು. ಅವರಿಗೆ ಓಡಿಸಲು ಗಾಡಿಯೇ ಉಳಿಯಲಿಲ್ಲ. ಬಂಪರಿನ ಒಣನಿಂಬೆಹಣ್ಣು ಬಿಚ್ಚಿ ಜೇಬಿಗೆ ಹಾಕಿಕೊಂಡು ಕೀಲಿ ಕೊಟ್ಟರು. ತಲೆ ತಗ್ಗಿಸಿದ್ದ ಅಣ್ಣನಿಗೆ, "ಅದ್ಕೇನೈತೆ ಬಿಡಪ್ಪ, ನೀನೇನ್ ಮಾಡ್ತೀಯ" ಎಂದರು.

"ಲೋನು ಆಗಲ್ಲ ಅಂತ ನಿಂಗೆ ಅವತ್ತೇ ಗೊತ್ತಿತ್ತೇನಣ್ಣ?" ಎಂದು ಕೇಳಿದೆ. ಅಣ್ಣ ಕಾರಿನ ಗಾಜು ಏರಿಸಿ ಷೋರೂಮಿನತ್ತ ಹೊರಟ.