ಎಂಟು ಅಂಕ ಕೊಟ್ಟ ಕೈ

ಬೆಳಗಿನ ಐದೂಮುಕ್ಕಾಲು. ಮೂರನೆಯ ಮಹಡಿಯ ಒಂದೇ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಉದ್ದನೆಯ ಮೇಜಿನ ಅಂಚಿಗೆ ಆರು ಜಾಯ್‌ಸ್ಟಿಕ್‌ಗಳನ್ನು ಸಾಲಾಗಿ ಬಿಗಿದಿದ್ದಾರೆ. ಎದುರಿಗೆ ಟಿವಿ, ಅದರ ಕೆಳಗೆ ಗೇಮ್ ಕನ್ಸೋಲ್. ನಲವತ್ತೆಂಟರ ಹೆಂಗಸೊಬ್ಬರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದು ಮೊದಲನೆಯದರ ಮುಂದೆ ಕೂರುತ್ತಾರೆ. ಪರದೆಯ ಮೇಲೆ ಪುಟ್ಟ ವಿಮಾನವೊಂದು ಅಡ್ಡಗಾಳಿಗೆ ಓಲಾಡುತ್ತಾ ರನ್‌ವೇ ಕಡೆ ಇಳಿಯುತ್ತದೆ. ಬಲಗೈ ಹಿಡಿತಕ್ಕೆಂದೇ ಮಾಡಿದ ಕೋಲನ್ನು ಅವರು ಎಡಗೈಯಲ್ಲಿ ಹಿಡಿದಿದ್ದಾರೆ. ಚಕ್ರ ನೆಲ ಮುಟ್ಟಿದ್ದೇ ತಡ, ನೋಟ್‌ಬುಕ್ಕಿನಲ್ಲಿ ಒಂದು ಗೀಟು ಎಳೆದು ವಿಮಾನವನ್ನು ಮತ್ತೆ ಮೇಲೇರಿಸುತ್ತಾರೆ.

ಒಂದೊಂದು ಕೋಲಿಗೆ ಹತ್ತು ಸಲ ಇಳಿಸಬೇಕು. ಆರಕ್ಕೆ ಅರವತ್ತು. ಒಂಬತ್ತು ಗಂಟೆಗೆ ಉಳಿದವರು ಬಂದು ಗದ್ದಲ ಶುರುವಾಗುವ ಮೊದಲು ಅದು ಮುಗಿದಿರಬೇಕು. ನಿಜವಾದ ವಿಮಾನ ಹತ್ತಿದ್ದೀರಾ ಎಂದು ಕೇಳಿದರೆ ನಕ್ಕುಬಿಡುತ್ತಾರೆ. "ಏಣಿ ಮೇಲೆ ನಾಕು ಮೆಟ್ಲು ಹತ್ತಿದ್ರೆ ನಂಗೆ ತಲೆ ತಿರುಗುತ್ತೆ. ವಿಮಾನ ಎಲ್ಲಿಂದ ಬಂತು!"

ಆಟದ ಸಾಮಾನುಗಳನ್ನು ಒಂದಕ್ಕೊಂದು ಹೋಲಿಸಿ, ಅಂಕ ಕೊಟ್ಟು ಪ್ರಕಟಿಸುವ ಸಂಸ್ಥೆ ಅದು. ಯಾವ ಜಾಯ್‌ಸ್ಟಿಕ್ ಕೊಳ್ಳುವುದು ಎಂದು ತಲೆ ಕೆರೆದುಕೊಳ್ಳುವವರು ಆ ಅಂಕ ನೋಡಿ ನಿರ್ಧರಿಸುತ್ತಾರೆ. ವಿಡಿಯೋದಲ್ಲಿ ಕೋಲು ತಿರುಗಿಸಿ ತೋರಿಸುತ್ತಾ ಮಾತಾಡುವವರು ಬೇರೆ. ಕೆಳಗೆ ಬರುವ ಹೆಸರೂ ಅವರದೇ. ಅಂಕ ಕೊಡುವವರು ಮಾತ್ರ ಇವರು. ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಇವರು ಕೋಲಕ್ಕ.

ಹನ್ನೊಂದು ವರ್ಷದ ಹಿಂದೆ ಕೋಲಕ್ಕ ಇದೇ ಸಂಸ್ಥೆಯಲ್ಲಿ ಡಬ್ಬಿ ಕಟ್ಟುತ್ತಿದ್ದರು. ಒಂದು ದಿನ ವಾಪಸ್ ಕಳಿಸಬೇಕಿದ್ದ ಜಾಯ್‌ಸ್ಟಿಕ್ಕೊಂದನ್ನು ಡಬ್ಬಿಗೆ ಹಾಕುವಾಗ, "ಇದು ನಡುವಲ್ಲಿ ಸಡಿಲ ಇದೆಯಲ್ಲ" ಎಂದರು. ಪರೀಕ್ಷೆ ಮಾಡುವವರಿಗೇ ಅದು ಗೊತ್ತಾಗಿರಲಿಲ್ಲ. ಮರುವಾರ ಅವರನ್ನು ಮೇಲಿನ ಮಹಡಿಗೆ ಕರೆಸಿಕೊಂಡರು.

"ಕಂಪ್ಯೂಟರ್ ಇದ್ದೋರು ಸೆಟ್ಟಿಂಗ್ ಒಳಗೆ ಹೊಕ್ಕು ಏನೇನೋ ಸರಿ ಮಾಡ್ಕೋತಾರೆ. ಕನ್ಸೋಲ್ ಇಟ್ಕೊಂಡೋರಿಗೆ ಅಷ್ಟೆಲ್ಲ ಅನುಕೂಲ ಇರಲ್ಲ. ಕೋಲು ಹೇಗೆ ಬಂತೋ ಹಾಗೇ ಆಡ್ಬೇಕು," ಎಂದು ವಿವರಿಸುತ್ತಾರೆ. "ಕೈ ಬಿಟ್ರೆ ಕೋಲು ನೆಟ್ಟಗೆ ನಡುವಿಗೆ ಬಂದು ನಿಲ್ಬೇಕು. ಸಾಸಿವೆಯಷ್ಟು ಅಲ್ಲಾಡಿದ್ರೂ ಮುಂದೆ ತೊಂದರೆನೇ. ಇವತ್ತು ಟಿವಿಲಿ ಕಾಣಲ್ಲ. ತಿಂಗಳು ಬಿಟ್ಟು ವಿಮಾನ ತಾನಾಗೇ ವಾಲೋಕೆ ಶುರು ಮಾಡುತ್ತೆ. ಅದು ಬೆರಳಿಗೆ ಮಾತ್ರ ಮೊದಲೇ ಗೊತ್ತಾಗೋದು."

ಆ ಬೆರಳುಗಳೇ ಅವರಿಗೆ ಕೈಕೊಟ್ಟಿವೆ. ಎರಡು ವರ್ಷದ ಹಿಂದೆ ಬಲಗೈ ಹೆಬ್ಬೆರಳಿನಲ್ಲಿ ಜೋಮು ಶುರುವಾಯಿತು. ಆಮೇಲೆ ತೋರುಬೆರಳು. ಮನೆಯಲ್ಲಿ ಲೋಟಗಳು ಜಾರತೊಡಗಿದವು. ಬೇಕರಿಯಲ್ಲಿ ಹಿಟ್ಟು ನಾದುವ ಗಂಡನಿಗೆ ಅದು ತಮಾಷೆ: "ದಿನಾ ಅರವತ್ತು ವಿಮಾನ ಇಳಿಸ್ತಾಳೆ, ಒಂದು ಲೋಟ ಕೆಳಗಿಡೋಕೆ ಬರಲ್ಲ!" ಕೋಲಕ್ಕನೂ ಜೊತೆಗೆ ನಕ್ಕರು. ನರ ಒತ್ತಿಕೊಂಡಿದೆ, ಈ ಕೆಲಸ ಬಿಡಿ ಎಂದು ಡಾಕ್ಟರು ಹೇಳಿದ್ದನ್ನು ಗಂಡನಿಗೂ ಹೇಳಲಿಲ್ಲ, ಕಚೇರಿಗೂ ಹೇಳಲಿಲ್ಲ.

"ಹೇಳಿದ್ರೆ ಮತ್ತೆ ಡಬ್ಬಿ ಕಟ್ಟೋಕೆ ಕಳಿಸ್ತಾರೆ ಅಂತ ಭಯ. ಕಣ್ಣಿದೆಯಲ್ಲ, ಸಂಭಾಳಿಸ್ಕೊಂಡು ಹೋಗೋಣ ಅಂದ್ಕೊಂಡೆ."

ಹೀಗೆ ಸಂಭಾಳಿಸುತ್ತಿದ್ದ ದಿನಗಳಲ್ಲೇ ಆರು ಕೋಲುಗಳ ಒಂದು ಹೋಲಿಕೆ ಪ್ರಕಟವಾಯಿತು. ಅದರಲ್ಲಿ ಮೂರನೆಯದಕ್ಕೆ ಹತ್ತಕ್ಕೆ ಎಂಟು. ಸ್ಪ್ರಿಂಗು ಮೃದು, ನಡುವಲ್ಲಿ ಚೂರೂ ಸಡಿಲವಿಲ್ಲ, ವಯಸ್ಸಾದವರಿಗೆ ಹೇಳಿ ಮಾಡಿಸಿದ್ದು ಎಂಬ ಮಾತು ಬೇರೆ.

ಐದು ತಿಂಗಳ ನಂತರ ಓದುಗರೊಬ್ಬರ ಪತ್ರ ಬಂತು. ದೂರಲ್ಲ, ವಂದನೆ. ಬರೆದಾಕೆಯ ತಂದೆ ಮೂವತ್ತೆಂಟು ವರ್ಷ ಬಂದರಿನಲ್ಲಿ ಕ್ರೇನ್ ನಡೆಸಿದವರು. ನಿವೃತ್ತಿಯ ಬೇಸರ ಕಳೆಯಲೆಂದು ಮಗಳು ಎಂಟು ಅಂಕದ ಕೋಲು ತಂದುಕೊಟ್ಟಿದ್ದಳು. ಎರಡು ತಿಂಗಳು ಮಗುವಿನ ಹಾಗೆ ಆಡಿದರು. ಆಮೇಲೆ ವಿಮಾನ ಎಡಕ್ಕೆ ಎಳೆಯತೊಡಗಿತು. ಕ್ರೇನಿನ ರೂಢಿಯಲ್ಲಿ ಕೋಲನ್ನೂ ಲಿವರ್ ಎನ್ನುವ ಅಪ್ಪ, ಲಿವರ್‌ನಲ್ಲೇ ಏನೋ ಇದೆ ಅಂದಾಗ ಮಗಳು ಸಂಸ್ಥೆಯ ಪುಟ ತೆರೆದು ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಹಾಗಾದರೆ ನನ್ನ ಕೈಯೇ ಹೋಯಿತು ಎಂದವರು ಅವತ್ತಿನಿಂದ ಕೋಲು ಮುಟ್ಟಿಲ್ಲ. ಸಹಿ ಹಾಕುವುದಿಲ್ಲ, ತುಂಬಿದ ಲೋಟ ಎತ್ತುವುದಿಲ್ಲ. "ನಿಮ್ಮ ಹೋಲಿಕೆ ಇಲ್ಲದಿದ್ದರೆ ಅಪ್ಪನ ಕೈ ನಡುಗುವುದು ನಮಗೆ ಗೊತ್ತೇ ಆಗುತ್ತಿರಲಿಲ್ಲ" ಎಂದು ಪತ್ರ ಮುಗಿಯುತ್ತದೆ.

ಪತ್ರ ಓದಿದ ಕೋಲಕ್ಕ ಬೀರು ತೆಗೆದು ಅದೇ ಮೂರನೆಯ ಕೋಲನ್ನು ಹೊರಗಿಟ್ಟರು. ಬಲಗೈಗೆ ಏನೂ ತಿಳಿಯಲಿಲ್ಲ. ಎಡಗೈಯಲ್ಲಿ ಹಿಡಿದರು.

"ಹಿಡಿದ ತಕ್ಷಣ ಗೊತ್ತಾಯ್ತು. ಹಾಲುಹಲ್ಲು ಅಲ್ಲಾಡುತ್ತಲ್ಲ, ಹಾಗೆ."

ನೇರವಾಗಿ ಮೇಲ್ವಿಚಾರಕಿಯ ಬಳಿ ಹೋಗಿ ಕೈಯ ವಿಷಯ, ಅಂಕದ ವಿಷಯ ಎರಡನ್ನೂ ಹೇಳಿದರು. ಆಕೆ ಕೆಟ್ಟವರಲ್ಲ ಎನ್ನುತ್ತಾರೆ ಕೋಲಕ್ಕ. ಕುರ್ಚಿ ಕೊಟ್ಟು, ನೀರು ಕೊಟ್ಟು ಕೇಳಿಸಿಕೊಂಡರಂತೆ. ಕೊನೆಗೆ, "ಒಂದು ಅಂಕ ತಿದ್ದಿದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ ಹೇಳಿ? ಪತ್ರಕ್ಕೆ ಉತ್ತರ ಬೇಡ. ನೀವು ಮೊದಲು ಕೈ ನೋಡ್ಕೊಳ್ಳಿ," ಎಂದರು. ಬರುವ ತಿಂಗಳಿಂದ ಕೋಲಕ್ಕನಿಗೆ ಮತ್ತೆ ಡಬ್ಬಿ ಕಟ್ಟುವ ಕೆಲಸ. ಅಲ್ಲಿಯವರೆಗೆ ಎಡಗೈಯಲ್ಲಿ ಕೆಲಸ ಸಾಗಿಸಬೇಕು. ಎಂಟು ಎಂಟಾಗಿಯೇ ಉಳಿಯಿತು.

ಪತ್ರದ ಕೆಳಗೆ ಫೋನ್ ನಂಬರಿತ್ತು. ಸಂಸ್ಥೆಗೆ ಗೊತ್ತಾಗದ ಹಾಗೆ ಮನೆಯಿಂದ ಕರೆ ಮಾಡಿದರು. ಕೇಳಿದ ಮಗಳು ಅತ್ತಳು, ಅಪ್ಪನಿಗೆ ಈಗಲೇ ಹೇಳುತ್ತೇನೆ ಎಂದಳು. ಮರುದಿನ ಅವಳೇ ಕರೆ ಮಾಡಿದಳು.

"ಅಪ್ಪ ನಂಬ್ತಿಲ್ಲ ಅಕ್ಕಾ. ಯಾರೋ ಪುಣ್ಯಾತ್ಗಿತ್ತಿ ನನ್ನ ಸಮಾಧಾನಕ್ಕೆ ಹೇಳ್ತಿದಾಳೆ ಅಂತಾರೆ. ಪುಟ ತೆಗೆಸಿ ಮತ್ತೆ ನೋಡಿದ್ರು. ಎಂಟೇ ಇದೆಯಲ್ಲ ಅಂದ್ರು."

ಆಮೇಲೆ ಕೋಲಕ್ಕ ಎರಡು ಸಲ ಫೋನ್ ಮಾಡಿದ್ದಾರೆ. ಆ ತಂದೆ ಫೋನಿಗೆ ಬರುವುದಿಲ್ಲ. ಈಗ ಮಗಳೇ ತುತ್ತು ಮಾಡಿ ತಿನ್ನಿಸುತ್ತಾಳಂತೆ.

"ಅವರ ಕೈ ನಡುಗ್ತಾನೇ ಇರ್ಲಿಲ್ಲ ಅಂತ ನಾ ಹೆಂಗೆ ಹೇಳ್ಲಿ? ವಯಸ್ಸಾಗಿದೆ, ಸ್ವಲ್ಪ ಇದ್ದಿರಬಹುದು. ಆದ್ರೆ ಮೂವತ್ತೆಂಟು ವರ್ಷ ಲಿವರ್ ಹಿಡಿದ ಕೈ. ಲಿವರ್ ಸರಿ ಇಲ್ಲ ಅಂತ ಅದು ಕರೆಕ್ಟಾಗೇ ಹೇಳಿತ್ತು. ನಾನು ಸುಳ್ಳು ಮಾಡಿದೆ."

ಒಂಬತ್ತಕ್ಕೆ ಐದು ನಿಮಿಷ. ಮೆಟ್ಟಿಲಲ್ಲಿ ಮಾತು ಕೇಳಿಸುತ್ತದೆ. ಅರವತ್ತನೆಯ ಗೀಟು ಎಳೆದು ಕೋಲಕ್ಕ ಟಿವಿ ಆರಿಸುತ್ತಾರೆ. ಪತ್ರಿಕೆಯಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳಿದ್ದಕ್ಕೆ ನೋಟ್‌ಬುಕ್ ಮುಚ್ಚಿಡುತ್ತಾರೆ.

"ನನ್ನ ಬಗ್ಗೆ ಬೇಡ. ಆ ಯಜಮಾನರು ಅಚ್ಚಾಗಿದ್ದನ್ನ ನಂಬ್ತಾರೆ. ನಿಮ್ಮದು ಅಚ್ಚಾಗುತ್ತಲ್ಲ, ಅದರಲ್ಲಿ ಒಂದು ಸಾಲು ಹಾಕಿ. ವಿಮಾನ ಎಡಕ್ಕೆ ಎಳೆದಿದ್ದು ಕೋಲು, ನಿಮ್ಮ ಕೈಯಲ್ಲ ಅಪ್ಪಾಜಿ. ಕೆಟ್ಟಿದ್ದು ನನ್ನ ಕೈ."