ಒಂದು ಆವರ್ತನದ ಕೆಮ್ಮು

ಮಾಧವನೂ ನಾನೂ ಧಾರವಾಡದಲ್ಲಿ ಒಂದೇ ಗುರುಗಳ ಹತ್ತಿರ ಹಾಡು ಕಲಿತವರು. ಅವನು ಪುಣೆಗೆ ಹೋಗಿ ಪಂಡಿತನಾದ. ನಾನು ನಲವತ್ತು ವರ್ಷ ಅವನ ಹಿಂದೆ ಕೂತು ತಂಬೂರಿ ನುಡಿಸಿದೆ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ತಂಬೂರಿಯವನಿಗೆ ಒಂದು ನಿಯಮವಿದೆ. ಹಾಡುವವನು ತಿರುಗಿ ನೋಡಿದರೆ ಮಾತ್ರ ಬಾಯಿ ತೆರೆಯಬೇಕು.

ಕಳೆದ ತಿಂಗಳು ಪುಣೆಯಲ್ಲಿ ಬೆಳಗಿನ ಕಚೇರಿ. ತೋಡಿ ರಾಗ ಹಾಡುತ್ತಿದ್ದ ಮಾಧವನಿಗೆ ಬಂದಿಶಿನ ಎರಡನೇ ಭಾಗದ, ಅಂತರಾದ, ಸಾಲು ಮರೆತುಹೋಯಿತು. ತಿರುಗಿ ನನ್ನನ್ನು ನೋಡಿದ. ಸಾಲು ನನ್ನ ನಾಲಗೆಯ ಮೇಲೇ ಇತ್ತು. ಆದರೂ ತಲೆ ತಗ್ಗಿಸಿ ತಂತಿ ಮೀಟುತ್ತ ಕೂತೆ. ತಬಲಾದವನು ತಾಳದ ಪೂರ್ತಿ ಒಂದು ಆವರ್ತನ ಮುಗಿಸಿದ. ಮಾಧವನ ಕಿವಿ ಕೆಂಪಾಯಿತು. ಆಗ ಹಾಡಿದೆ. ಸಭೆ ‘ವಾಹ್’ ಎಂದಿತು. ಮಾಧವ ಸಾಲನ್ನು ಎತ್ತಿಕೊಂಡ, ಚಪ್ಪಾಳೆಯನ್ನೂ.

ಮಧ್ಯಾಹ್ನ ನನ್ನನ್ನು ಧಾರವಾಡದ ಬಸ್ಸಿಗೆ ಬಿಡಲು ಸ್ವಾರಗೇಟ್ ನಿಲ್ದಾಣಕ್ಕೆ ತಾನೇ ಕಾರು ಓಡಿಸಿದ.

“ಯಾಕ ತಡಾ ಮಾಡಿದಿ?” ಎಂದ.

“ಕೆಮ್ಮು ಬಂದಿತ್ತು.”

“ನಲವತ್ತು ವರ್ಷದಾಗ ಒಮ್ಮೆನೂ ಬರದ ಕೆಮ್ಮು?”

“ವಯಸ್ಸಾತಲ್ಲೋ.”

ಅವನು ರಸ್ತೆ ನೋಡುತ್ತಲೇ ಹೇಳಿದ: “ನಿನ್ನ ಕಚೇರಿ ಇಡಸ್ತೀವಿ ಅಂತ ಭಾಳ ಮಂದಿ ನನ್ನ ಕೇಳ್ಯಾರ. ಅವರಿಗೆಲ್ಲ ನಾನೂ ಅದನ್ನ ಹೇಳೀನಿ. ಅವಂಗ ಕೆಮ್ಮು ಅದ ಅಂತ.”

ನನಗೆ ಸಿಟ್ಟು ಬರಬೇಕಿತ್ತು. ಆದರೆ ಅವನೂ ಇಷ್ಟು ವರ್ಷ ನನ್ನನ್ನು ನೋಡಿ ಉರಿದುಕೊಂಡಿದ್ದನಲ್ಲ ಎಂಬ ಖುಷಿಗೆ ಸಾತಾರೆಯವರೆಗೂ ಬಸ್ಸಿನಲ್ಲಿ ತೋಡಿ ಗುನುಗಿದೆ. ಒಮ್ಮೆಯೂ ಕೆಮ್ಮು ಬರಲಿಲ್ಲ.