ಹೆಣವನ್ನು ಬೈಯುವ ಗೆಳೆಯ

ಗುಟು ಸೀಮೆಯ ಮುಟೆರೊ ಅಜ್ಜನಿಗೆ ಎರಡು ಕಸುಬು. ಒಂದು, ಬುಟ್ಟಿ ಹೆಣೆಯುವುದು. ಅದರಿಂದ ಊಟ ಸಿಗುತ್ತಿತ್ತು. ಇನ್ನೊಂದು, ನಮ್ಮ ಮಿಷನ್ನಿನ ಟೊಬಿಯಾಸ್ ಉಪದೇಶಿಯನ್ನು ಬೈಯುವುದು. ಅದರಿಂದ ಊಟ ಜೀರ್ಣವಾಗುತ್ತಿತ್ತು.

ಎರಡನೆಯದು ಅಪ್ಪನಿಂದ ಬಂದ ಆಸ್ತಿ. ಮುಟೆರೊನ ಅಪ್ಪ ಟೊಬಿಯಾಸನ ಅಪ್ಪನಿಗೆ ಸಾಹ್ವಿರಾ ಆಗಿದ್ದ, ಮಗ ಮಗನಿಗಾದ. ಸಾಹ್ವಿರಾ ನೆಂಟನಲ್ಲ, ನೆಂಟನಿಗಿಂತ ಹೆಚ್ಚು ಕಾಟ ಕೊಡುವ ಹಕ್ಕುಳ್ಳ ಗೆಳೆಯ. ನೇರವಾಗಿ ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ತೆಗೆಯುತ್ತಾನೆ, ಗಂಡ ಹೆಂಡಿರ ಜಗಳದಲ್ಲಿ ಇಬ್ಬರನ್ನೂ ಗದರುತ್ತಾನೆ. ಗೆಳೆಯ ಸತ್ತರೆ ಅವನ ಅಂಗಿ ತೊಟ್ಟು, ಅವನ ಹುಳುಕನ್ನೆಲ್ಲ ಹೆಣದ ಮುಂದೆಯೇ ಆಡಿ ತೋರಿಸಿ ಜನರನ್ನು ನಗಿಸುವುದೂ ಅವನದೇ ಕೆಲಸ. ಆ ನಗು ಕೇಳುವವರೆಗೆ ಸತ್ತವನು ಹೊಸ್ತಿಲಲ್ಲೇ ನಿಂತಿರುತ್ತಾನೆ ಎಂಬುದು ನಮ್ಮ ಮುದುಕಿಯರ ಮಾತು.

ಅಜ್ಜನಿಗೆ ಜ್ಞಾನಸ್ನಾನ ಮಾಡಿಸಲು ಉಪದೇಶಿ ಅರ್ಧ ಆಯುಷ್ಯ ಸವೆಸಿದ್ದರು. ಕೊನೆಗೂ ಒಪ್ಪಿ, ತಲೆಗೆ ನೀರು ಬಿದ್ದಾಗ ಅಜ್ಜ ಹೇಳಿದ್ದು ಇಷ್ಟು: “ಇಷ್ಟೇನಾ ಟೊಬಿಯಾಸ್? ನೀನು ಮಾರೋ ಹಾಲಲ್ಲೇ ಇದಕ್ಕಿಂತ ಜಾಸ್ತಿ ನೀರಿರುತ್ತಲ್ಲೋ.”

ನಮ್ಮಲ್ಲಿ ಮಳೆಗೆ ಮುಂಚಿನ ಅಕ್ಟೋಬರಿನ ಸುಡುಬಿಸಿಲಲ್ಲಿ ಉಪದೇಶಿ ತೀರಿಕೊಂಡರು. ಆಗಷ್ಟೇ ಬಂದಿದ್ದ ಫಾದರ್ ಅನ್ಸೆಲ್ಮ್ ನಮ್ಮವರೇ, ಗುಡ್ಡದಾಚೆಯ ಊರಿನವರು. ಆದರೆ ರೋಮಿನಲ್ಲಿ ಓದಿ ಬಂದವರು. ಅವರಿಗಿಂತ ಮುಂಚೆ ಇದ್ದ ಬಿಳಿಯ ಪಾದ್ರಿಯ ಕಾಲದಲ್ಲೇ ಚರ್ಚಿನೊಳಕ್ಕೆ ಡೋಲು ಬಂದಿತ್ತು, ಸೋರೆಬುರುಡೆಯ ಗಿಲಕಿಯೂ ಬಂದಿತ್ತು. ಡೋಲಿಗೆ ಬಿಷಪರ ಅಪ್ಪಣೆಯಿತ್ತು, ಗೇಲಿಗೆ ಇರಲಿಲ್ಲ. ಫಾದರ್ ಸಾವಿನ ಮನೆಗೆ ಬಂದು ಮೆತ್ತಗೆ ವಿವರಿಸಿದರು. ಉಪದೇಶಿಯ ಮರ್ಯಾದೆಗೆ ತಕ್ಕಂತೆ ಪೆಟ್ಟಿಗೆ ಚರ್ಚಿಗೆ ಬಂದು, ಅಲ್ಲಿಂದ ನೇರ ಮಿಷನ್ನಿನ ಸಮಾಧಿಗೆ ಹೋಗಬೇಕು. ಮುಟೆರೊ ಬೇಕಾದರೆ ಒಂದು ಪ್ರಾರ್ಥನೆ ಓದಲಿ, ಪೀಠದ ಮುಂದೆ ಅಣಕಾಟ ಮಾತ್ರ ಬೇಡ.

ಅಜ್ಜ “ಆಗ್ಲಿ ಫಾದರ್” ಅಂದುಬಿಟ್ಟರು. ನಮಗೆ ಗಾಬರಿಯಾದದ್ದು ಆಗಲೇ. ಆ ಮನುಷ್ಯ ಹುಟ್ಟಿದಂದಿನಿಂದ ಯಾರ ಮಾತಿಗೂ ಒಪ್ಪಿದವರಲ್ಲ.

ಪೂಜೆ ಸೊಗಸಾಗಿಯೇ ನಡೆಯಿತು. ಅಜ್ಜ ಕಡೆಯ ಬೆಂಚಿನಲ್ಲಿ, ಗೆಳೆಯನ ಹಳೆಯ ಓವರ್‌ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಹೊರುವವರು ಮುಂದೆ ಬಂದರು. ಚಾಪೆಯ ಮೇಲೆ ಕುಳಿತಿದ್ದ ಉಪದೇಶಿಯ ಹೆಂಡತಿ ಸಬೀನಾ ಪೆಟ್ಟಿಗೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಫಾದರ್ ಬಗ್ಗಿ, ಹೊತ್ತಾಯಿತು, ಹೊರಡೋಣ ಅಂದರು.

“ಎಲ್ಲಿಗ್ ಹೊರಡೋದು?” ಅಂದಳು ಸಬೀನಜ್ಜಿ. “ಇವ್ರನ್ನ ಇನ್ನೂ ಯಾರೂ ಬೈದೇ ಇಲ್ಲ.”

ಪ್ರಾರ್ಥನೆಯೆಲ್ಲ ಆಯಿತಲ್ಲ ತಾಯಿ, ಅಂದರು ಫಾದರ್.

“ಆಯ್ತು. ಸಂತ ಅಂದ್ರಿ, ದೀಪ ಅಂದ್ರಿ. ಅದ್ಯಾರೋ ನಂಗೊತ್ತಿಲ್ಲ ಮಗಾ. ನಾನು ಸಂಸಾರ ಮಾಡಿದ್ದು ಈ ಪೆಟ್ಟಿಗೇಲಿರೋ ಗಂಡಸಿನ ಜೊತೆ. ಮಣ್ಣಿಗಿಡೋ ಮುಂಚೆ ಒಂದ್ಸಲ ಅವ್ರನ್ನ ತೋರ್ಸಿ.”

ಡೋಲಿನವರು ಕೈ ಕಟ್ಟಿ ಕುಳಿತರು. ಫಾದರ್ ಪೀಠದ ಕಡೆ ನೋಡಿದರು, ಅಜ್ಜಿಯ ಕೈ ನೋಡಿದರು. ಆಮೇಲೆ ಪುಸ್ತಕ ಮುಚ್ಚಿ, ಪೀಠದ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. “ಅಜ್ಜಾ, ಬನ್ನಿ” ಅಂದರು.

ಕೋಟು ತೊಟ್ಟು ಎದ್ದ ಮುಟೆರೊ ಎರಡು ಹೆಜ್ಜೆಯಲ್ಲಿ ಟೊಬಿಯಾಸರಾದರು. ಹತ್ತಲು ಕೊನೆಯವರೆಗೂ ಕಲಿಯದ ಸೈಕಲ್ಲನ್ನು ತಳ್ಳಿಕೊಂಡು ಬಂದರು. ಇಲ್ಲದ ಸೈಕಲ್ಲನ್ನು ಜೋಪಾನವಾಗಿ ಗೋಡೆಗೆ ಒರಗಿಸಿದರು. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಅತ್ತಿತ್ತ ನೋಡಿ ಮೂಗಿಗೆ ನಸ್ಯ ಏರಿಸಿದರು. ಬಂದ ಸೀನನ್ನು ಹೇಗೋ ತಿರುಚಿ ‘ಆಮೆನ್’ ಮಾಡಿದರು. ಚರ್ಚು ಬಿದ್ದುಬಿದ್ದು ನಕ್ಕಿತು. ಸಬೀನಜ್ಜಿಯ ತಲೆಬಟ್ಟೆ ಜಾರಿತು.

ಅಜ್ಜ ಪೆಟ್ಟಿಗೆಯ ಹತ್ತಿರ ಬಗ್ಗಿದರು. “ನೋಡು, ಮೇಲೆ ಹೋಗಿ ಸಂತ ಪೇತ್ರನಿಗೂ ಪಾಠ ಹೇಳೋಕೆ ಹೋಗ್ಬೇಡ. ಸ್ವರ್ಗದ್ ಬಾಗ್ಲು ಹಾಕ್ಕೊಂಡ್ಬಿಟ್ಟಾನು.” ಪೆಟ್ಟಿಗೆಯನ್ನೊಮ್ಮೆ ತಟ್ಟಿ, “ಹೋಗು ಇನ್ನು” ಅಂದರು. ಅಜ್ಜಿ ಕೈ ತೆಗೆದಳು.

ಮಣ್ಣಾದ ಮೇಲೆ ಮರದ ನೆರಳಲ್ಲಿ ಊಟ; ಸಾಡ್ಜಾ ಮುದ್ದೆ, ಎತ್ತಿನ ಮಾಂಸ. ಅಜ್ಜನ ಪಕ್ಕ ಬಂದು ಕುಳಿತ ಫಾದರ್, ನೀವು ಹೋದಾಗ ಈ ಕೆಲಸ ಮಾಡುವವರು ಯಾರು ಎಂದು ಕೇಳಿದರು. ನಮಗೆ ಹೊಳೆದೇ ಇರಲಿಲ್ಲ. ಮಾಡಬೇಕಾಗಿದ್ದವರು ಟೊಬಿಯಾಸರೇ, ಅವರಿಗೆ ಮಕ್ಕಳಿರಲಿಲ್ಲ. ಅಜ್ಜ ಮುದ್ದೆ ಉಂಡೆ ಕಟ್ಟುತ್ತಲೇ ಇದ್ದರು, ಬಾಯಿಗಿಡಲಿಲ್ಲ.

“ಬೈಯೋರೇ ಇಲ್ದೆ ಸಾಯೋದ್ ಹೇಗೆ ಫಾದರ್?” ಅಂದರು. “ಇರ್ತೀನಿ ಬಿಡಿ.”

ಫಾದರ್ ತಟ್ಟೆ ಕೆಳಗಿಟ್ಟರು. ಗಂಟಲು ಸರಿಪಡಿಸಿಕೊಂಡು, ಸುವಾರ್ತೆ ಓದುವ ದನಿಯಲ್ಲಿ, “ಅಜ್ಜಾ, ನೀವು ತಿನ್ನದೆ ಕೂತಿರೋದು ನೋಡಿದ್ರೆ, ದುಃಖ ಉಪದೇಶಿ ಹೋಗಿದ್ದಕ್ಕೋ ಎತ್ತು ಹೋಗಿದ್ದಕ್ಕೋ ಗೊತ್ತಾಗಲ್ಲ” ಅಂದರು.

ಯಾರೂ ನಗಲಿಲ್ಲ. ಒಬ್ಬಿಬ್ಬರು ಅಭ್ಯಾಸಬಲದಿಂದ ಶಿಲುಬೆಯ ಗುರುತು ಮಾಡಿಕೊಂಡರು. ಅಜ್ಜ ಮಾತ್ರ ಫಾದರ್ ಕಡೆ ತಿರುಗಿ ಕುಳಿತರು.

“ಮಾತು ಪರವಾಗಿಲ್ಲ, ದನಿ ಪೂಜೇದು. ಗುರುವಾರ ಮನೆ ಕಡೆ ಬನ್ನಿ.”

ಫಾದರ್ ಪ್ರತಿ ಗುರುವಾರ ಹೋಗುತ್ತಿದ್ದಾರೆ. ಈಗ ಅಜ್ಜನ ಟೋಪಿಯನ್ನು ಹೀಯಾಳಿಸುವಷ್ಟು ಮುಂದುವರಿದಿದ್ದಾರಂತೆ. ಅಜ್ಜನನ್ನೇ ಹೀಯಾಳಿಸಲು ಇನ್ನೂ ನಾಚಿಕೆ. ನಿಧಾನವಾಗಿಯೇ ಕಲಿಯಲಿ ಎಂಬುದು ನಮ್ಮೆಲ್ಲರ ಪ್ರಾರ್ಥನೆ.